ಹದಿನಾರು ಅಕ್ಷರದ ಗೋಡೆ

ಕೇಶವಮೂರ್ತಿ ನನ್ನ ತಂಗಿ ಅಲಮೇಲುವಿನ ಗಂಡ. ನನಗಿಂತ ಎರಡು ವರ್ಷಕ್ಕೆ ಚಿಕ್ಕವನು. ಎದುರಿಗಿದ್ದರೆ ‘ನೀವು’ ಎನ್ನುತ್ತೇನೆ, ತಂಗಿಯನ್ನು ಕೊಟ್ಟ ಮನೆಯವನಲ್ಲವೇ; ಬರೆಯಲು ಕೂತರೆ ‘ಅವನು’ ಎಂದೇ ಬರುತ್ತದೆ. ಅವನಷ್ಟು ಸಾಧುವಾದ ಇನ್ನೊಬ್ಬ ಮನುಷ್ಯನನ್ನು ಈ ಮುಂಬಯಿಯಲ್ಲಿ ನಾನು ಕಂಡಿಲ್ಲ. ನಾನು ಸಾಧುವಲ್ಲ. ಮೂಗಿನ ತುದಿಯಲ್ಲೇ ಕೋಪ ಎಂದು ನನ್ನ ಹೆಂಡತಿ ಸರಸ್ವತಿ ಮದುವೆಯಾದ ಮೂರನೇ ದಿನವೇ ಹೇಳಿದ್ದಳು. ಆ ಮಾತಿಗೂ ನಾನು ಕೋಪ ಮಾಡಿಕೊಂಡಿದ್ದೆ.

ಕೇಶವಮೂರ್ತಿ ನಂಜನಗೂಡಿನ ಪೋಸ್ಟ್‌ಮಾಸ್ಟರರ ಮಗ. ಮೈಸೂರಿನಲ್ಲಿ ಡಿಪ್ಲೊಮಾ ಮುಗಿಸಿ ಎಪ್ಪತ್ತನಾಲ್ಕರಲ್ಲಿ ಇಲ್ಲಿಗೆ ಬಂದ. ಬಾಂದ್ರಾದಲ್ಲಿ ಆಸ್ಪತ್ರೆಯ ಯಂತ್ರಗಳನ್ನು ರಿಪೇರಿ ಮಾಡುವ ಒಂದು ಕಚೇರಿಯಲ್ಲಿ ಕೆಲಸ. ಅಂಗಿಯ ಜೇಬಿನಲ್ಲಿ ಪೆನ್ನಿನ ಪಕ್ಕದಲ್ಲೇ ಒಂದು ಸ್ಕ್ರೂಡ್ರೈವರ್ ಇರುತ್ತಿತ್ತು. ಮದುವೆಯ ದಿನ ಛತ್ರದಲ್ಲಿ ಮೈಕು ಗೊರಗೊರ ಎಂದಾಗ ಹಸೆಮಣೆಯಿಂದ ಎದ್ದು ಹೋಗಿ ಸರಿಮಾಡಿ ಬಂದು ಕೂತ. ಹುಡುಗಿಯ ಅಣ್ಣನಾಗಿ ನನಗೆ ತಲೆ ಎತ್ತುವುದಕ್ಕೆ ಆಗಲಿಲ್ಲ. ಅಲಮೇಲು ಮಾತ್ರ ತಲೆ ತಗ್ಗಿಸಿಕೊಂಡು ನಗುತ್ತಿದ್ದಳು. ಆ ನಗು ನೋಡಿದಾಗಲೇ ಇವರಿಬ್ಬರಿಗೂ ಸರಿಹೋಗುತ್ತದೆ ಎಂದು ನನಗೆ ಗೊತ್ತಾಯಿತು.

ಬೊರಿವಲಿಯಲ್ಲಿ ಒಂದು ಬಿಲ್ಡಿಂಗಿನ ಮೂರನೇ ಮಹಡಿಯಲ್ಲಿ ಬಾಡಿಗೆ ಮನೆ. ಮಕ್ಕಳಾಗಲಿಲ್ಲ. ಎಂಬತ್ತಾರರ ಮಳೆಗಾಲದಲ್ಲಿ ಅಲಮೇಲುವಿಗೆ ಜ್ವರ ಬಂತು. ಜ್ವರ ಬಿಟ್ಟಿತು, ಕಾಲು ಮತ್ತೆ ಏಳಲಿಲ್ಲ. ಕೈಗಳಲ್ಲೂ ಕಸುವು ಹೋಗಿ ಬಲಗೈಯ ತೋರುಬೆರಳೊಂದು ಅಷ್ಟಿಷ್ಟು ಮಾತು ಕೇಳುತ್ತಿತ್ತು. ದನಿ ಸಣ್ಣಗಾಯಿತು, ಪಕ್ಕದ ಕೋಣೆಗೆ ಕೇಳಿಸಿದರೆ ಕೇಳಿಸಿತು, ಇಲ್ಲದಿದ್ದರೆ ಇಲ್ಲ. ಡಾಕ್ಟರು ಇನ್ನು ಇಷ್ಟೇ ಎಂದರು.

ನಾನು ಆಂಟಾಪ್ ಹಿಲ್‌ನ ಸರಕಾರಿ ಕ್ವಾರ್ಟರ್ಸಿನಲ್ಲಿದ್ದವನು. ನೆಲಮಹಡಿ, ಹೆಂಡತಿ ಮನೆಯಲ್ಲೇ ಇರುತ್ತಾಳೆ. ತಂಗಿಯನ್ನು ಕರೆದುಕೊಂಡು ಹೋಗುತ್ತೇನೆ ಎಂದು ಬಂದು ಕೂತೆ.

“ಇಲ್ಲ ಅಣ್ಣ,” ಎಂದಳು ಅಲಮೇಲು. “ಇಲ್ಲಿ ನಾನು ಮನೆಯೋಳು. ಅಲ್ಲಿಗೆ ಬಂದ್ರೆ ನೆಂಟಳು. ಹಾಸಿಗೆ ಹಿಡಿದ ನೆಂಟಳು.”

“ಅವರು ಬೆಳಿಗ್ಗೆ ಎಂಟಕ್ಕೆ ಲೋಕಲ್ ಹಿಡಿದ್ರೆ ಬರೋದು ಸಂಜೆ ಏಳಕ್ಕೆ. ಅಷ್ಟು ಹೊತ್ತು ಯಾರಿರ್ತಾರೆ?”

ಅದಕ್ಕೆ ಉತ್ತರ ಕೊಟ್ಟವನು ಕೇಶವಮೂರ್ತಿ. “ಆರು ತಿಂಗಳು ಟೈಮ್ ಕೊಡಿ ಭಾವ. ಅವಳು ಒಬ್ಬಳೇ ಇರೋ ಹಾಗೆ ನಾನು ಮಾಡ್ತೀನಿ.”

ತಲೆ ಕೆಟ್ಟಿದೆ ಇವನಿಗೆ ಅಂದುಕೊಂಡೆ. ಆದರೂ ಆರು ತಿಂಗಳು ಎಂದ ಮೇಲೆ ಆರು ತಿಂಗಳು. ಬೆಳಿಗ್ಗೆ ಹನ್ನೊಂದರವರೆಗೆ ಕೆಲಸದ ಹೆಂಗಸು ಇದ್ದು ಮೈ ಒರೆಸಿ ಬಟ್ಟೆ ಬದಲಾಯಿಸುತ್ತಿದ್ದಳು. ಮಧ್ಯಾಹ್ನ ಪಕ್ಕದ ಮನೆಯ ಶೀಲಾವತಿ ಬಂದು ಊಟ ಮಾಡಿಸುತ್ತಿದ್ದಳು. ಆಕೆ ಉಡುಪಿ ಕಡೆಯವಳು, ಗಂಡನಿಗೆ ಸ್ಟೇಷನ್ ಹತ್ತಿರ ಒಂದು ಸಣ್ಣ ಹೋಟೆಲು. ಉಳಿದ ಹೊತ್ತೆಲ್ಲ ಅಲಮೇಲು ಒಬ್ಬಳೇ. ಸೆಖೆಯಾದರೆ ಫ್ಯಾನ್ ಹಾಕುವವರಿಲ್ಲ, ಬಾಗಿಲು ತಟ್ಟಿದರೆ ಯಾರೆಂದು ಕೇಳುವವರಿಲ್ಲ.

ಯಾವುದೋ ಸಾಹೇಬರ ಮಗ ಆಟವಾಡಿ ಬಿಟ್ಟ ಒಂದು ಪುಟ್ಟ ಕಂಪ್ಯೂಟರನ್ನು ಕೇಶವಮೂರ್ತಿ ತಂದ. ಟೀವಿಗೆ ಜೋಡಿಸುವಂಥದು, ಅದರ ಪ್ರೋಗ್ರಾಮನ್ನು ಟೇಪ್ ರೆಕಾರ್ಡರಿನ ಕ್ಯಾಸೆಟ್ಟಿನಲ್ಲಿ ತುಂಬಿಡಬೇಕು. ಭಾನುವಾರ ಹಳೆಯ ಎಲೆಕ್ಟ್ರಾನಿಕ್ ಸಾಮಾನು ಸಿಗುವ ಲ್ಯಾಮಿಂಗ್ಟನ್ ರೋಡಿಗೆ ಹೋಗಿ ರಿಲೇ, ತಂತಿ, ಹಳೆಯ ಬೋರ್ಡುಗಳನ್ನು ಚೀಲದಲ್ಲಿ ತುಂಬಿಕೊಂಡು ಬರುತ್ತಿದ್ದ. ಮನೆಯ ದೀಪ, ಫ್ಯಾನುಗಳನ್ನು ಕಂಪ್ಯೂಟರಿನಿಂದ ನಡೆಸುವ ಚಿತ್ರಗಳು ಇಂಗ್ಲಿಷ್ ಪತ್ರಿಕೆಗಳಲ್ಲಿ ಬರುತ್ತಿದ್ದವಂತೆ. “ಅವೆಲ್ಲ ಕೈಕಾಲು ನೆಟ್ಟಗಿರೋರಿಗೆ ಭಾವ,” ಎನ್ನುತ್ತಿದ್ದ. “ಒಂದು ಬೆರಳಿರೋರಿಗೆ ಯಾರೂ ಬರೆದಿಲ್ಲ. ನಾನೇ ಬರೀಬೇಕು.”

ಬರೆದ. ಒಂದೊಂದು ಕೆಲಸಕ್ಕೂ ಒಂದೊಂದು ತುಂಡು. ತುಂಡು ಎನ್ನುವುದು ಅವನದೇ ಮಾತು: ಇದು ಫ್ಯಾನಿನ ತುಂಡು, ಇದು ದೀಪದ್ದು, ಇದು ಬಾಗಿಲ ಚಿಲಕದ್ದು. ಪ್ರತಿಯೊಂದಕ್ಕೂ ಅಂಗೈಯಗಲದ ಒಂದು ಬೋರ್ಡು, ನಲವತ್ತು ಐವತ್ತು ಸಾಲಿನ ಪ್ರೋಗ್ರಾಮು. ಎಲ್ಲವನ್ನೂ ಕಟ್ಟಿಹಾಕುವ ಒಂದು ದೊಡ್ಡ ಪ್ರೋಗ್ರಾಮು ಬೇರೆ. ಒಂದು ತುಂಡು ಕೆಟ್ಟರೆ ಇನ್ನೊಂದು ಕೆಡಬಾರದು ಎಂದು ಅವನ ಹಟ. ಅಲಮೇಲುವಿನ ಬೆರಳ ಕೆಳಗೆ ಒಂದೇ ಒಂದು ಒತ್ತುಗುಂಡಿ. ಟೀವಿಯ ಮೇಲೆ ಹೆಸರುಗಳು ಒಂದಾದ ಮೇಲೊಂದು ಬರುತ್ತವೆ, ಬೇಕಾದದ್ದು ಬಂದಾಗ ಒತ್ತಬೇಕು. ಅವಳ ಬೆರಳು ಒಂದು ಒಳ್ಳೆಯ ದಿನ ಎಷ್ಟು ಬೇಗ ಒತ್ತುತ್ತದೆ, ಕೆಟ್ಟ ದಿನ ಎಷ್ಟು ತಡಮಾಡುತ್ತದೆ ಎಂದು ಗಡಿಯಾರ ಹಿಡಿದು ಒಂದು ತಿಂಗಳು ಬರೆದಿಟ್ಟ. ಬೆಳಿಗ್ಗೆ ಮೊದಲ ಒತ್ತಿನಿಂದಲೇ ಅವತ್ತಿನ ಬೆರಳು ಹೇಗಿದೆ ಎಂದು ತಿಳಿದುಕೊಂಡು ಹೆಸರುಗಳು ಅಷ್ಟೇ ನಿಧಾನವಾಗಿ ಓಡುವಂತೆ ಮಾಡಿದ. ಮೂರು ಸಲ ಒಂದೇಸಮ ಒತ್ತಿದರೆ ಇಡೀ ಮನೆಯ ಕರೆಂಟು ಕಡಿದುಹೋಗುವಂತೆ ಇನ್ನೊಂದು ತುಂಡು. ಒಬ್ಬಳೇ ಇದ್ದಾಗ ಎಲ್ಲಾದರೂ ತಂತಿ ಹೊಗೆಯಾಡಿದರೆ ಎಂಬ ಭಯ ಅವನಿಗೆ.

ಐದನೇ ತಿಂಗಳಲ್ಲಿ ನನ್ನನ್ನು ಕರೆದು ಕೂರಿಸಿದರು. ಅಲಮೇಲು ಒತ್ತಿದಳು, ಫ್ಯಾನ್ ತಿರುಗಿತು. ಒತ್ತಿದಳು, ನಿಂತಿತು.

“ಇಷ್ಟಕ್ಕೆ ಐದು ತಿಂಗಳಾ?” ಎಂದೆ. ಕಣ್ಣು ತುಂಬಿಬಂದದ್ದನ್ನು ಮುಚ್ಚಿಕೊಳ್ಳಲು ಅಂದ ಮಾತು.

“ಎರಡನೇ ನಂಬರಲ್ಲಿ ಬೇಕಾ, ನಾಲ್ಕರಲ್ಲಾ, ಹೇಳು ಅಣ್ಣ,” ಎಂದಳು. ಅವಳ ಮುಖದಲ್ಲಿ ಎಷ್ಟೋ ದಿನದ ಮೇಲೆ ಯಜಮಾನಿಕೆ ಕಂಡಿತು. ನಾನು ಕಾಫಿ ಕುಡಿದು ಎದ್ದುಬಂದೆ.

ಆಮೇಲೆ ಬಂದದ್ದು ಗೋಡೆ. ಪಡಸಾಲೆಯಿಂದ ಕೋಣೆಗೆ ಹೋಗುವ ಓಣಿಯಲ್ಲಿ, ಅಲಮೇಲುವಿನ ಮಂಚದಿಂದ ನಾಲ್ಕು ಹೆಜ್ಜೆ ದೂರದಲ್ಲಿ, ಕೆಂಪು ಅಕ್ಷರ ಹೊಳೆಯುವ ಒಂದು ಫಲಕ ಹಾಕಿದ. ಒಂದೇ ಸಾಲು, ಹದಿನಾರು ಅಕ್ಷರಕ್ಕೆ ಮಾತ್ರ ಜಾಗ. ಅವಳ ದನಿ ಬಾಗಿಲವರೆಗೆ ಹೋಗುತ್ತಿರಲಿಲ್ಲವಲ್ಲ, ಅದಕ್ಕೆ. ನೀರು ಬೇಕು ಎಂದು ಆರಿಸಿ ಒತ್ತಿದರೆ ಗೋಡೆಯ ಮೇಲೆ ಬರುತ್ತಿತ್ತು, ಶೀಲಾವತಿ ಒಳಗೆ ಬರುವಾಗಲೇ ಓದಿಕೊಂಡು ಲೋಟ ಹಿಡಿದು ಬರುತ್ತಿದ್ದಳು. ಮನೆಯ ಸುದ್ದಿಯನ್ನು ಗೋಡೆ ತಾನಾಗಿಯೂ ಹೇಳುತ್ತಿತ್ತು. ಕರೆಂಟು ಹೋದರೂ ಕಂಪ್ಯೂಟರು, ಟೀವಿ, ಗೋಡೆ ಮೂರೂ ನಡೆಯಲಿ ಎಂದು ಒಂದು ದೊಡ್ಡ ಬ್ಯಾಟರಿ ಇಟ್ಟಿದ್ದ.

ಮೊದಲು ಎಲ್ಲ ಇಂಗ್ಲಿಷಿನಲ್ಲಿತ್ತು. ಅಲಮೇಲು ಒಪ್ಪಲಿಲ್ಲ. “ನಾನು ಇಂಗ್ಲಿಷಲ್ಲಿ ನೀರು ಕೇಳಲ್ಲ ರೀ,” ಎಂದಳು. ಫಲಕಕ್ಕೆ ಕನ್ನಡ ಲಿಪಿ ಬರುತ್ತಿರಲಿಲ್ಲ. ಹಾಗಾಗಿ ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಬರೆದ. ನಂಜನಗೂಡಿನಲ್ಲೇ ಇದ್ದಿದ್ದರೆ ‘ಕರೆಂಟ್ ಇಲ್ಲ’ ಎಂದು ಬರೆಯುತ್ತಿದ್ದನೋ ಏನೋ. ಆದರೆ ಹದಿಮೂರು ವರ್ಷ ಇಲ್ಲಿದ್ದವರ ಬಾಯಲ್ಲಿ ಅಂಗಡಿ ಬಂದ್, ನಲ್ಲಿ ಬಂದ್, ಲೈಟ್ ಬಂದ್. ನನ್ನ ಬಾಯಲ್ಲೂ ಹಾಗೇ. ಕರೆಂಟು ಹೋದರೆ ಗೋಡೆಯ ಮೇಲೆ ‘ಕರೆಂಟ್ ಬಂದ್ ಇದೆ’. ಮತ್ತೆ ಬಂದರೆ ‘ಕರೆಂಟ್ ಬಂದಿದೆ’. ಇಂಗ್ಲಿಷ್ ಅಕ್ಷರದಲ್ಲಿ ಮೊದಲನೆಯದು CURRENT BAND IDE, ಎರಡನೆಯದು CURRENT BANDIDE; ಎರಡಕ್ಕೂ ನಡುವೆ ಇದ್ದ ವ್ಯತ್ಯಾಸ ಒಂದು ಖಾಲಿ ಜಾಗ.

ಎರಡು ವರ್ಷ ಆ ಮನೆ ಹಾಗೆ ನಡೆಯಿತು. ನಾನು ತಿಂಗಳಿಗೊಮ್ಮೆ ಹೋದಾಗಲೆಲ್ಲ ಏನಾದರೂ ತಪ್ಪು ಹುಡುಕುತ್ತಿದ್ದೆ. ಶೀಲಾವತಿಗೇ ಸಾಕಾಗಿ ಒಂದು ದಿನ ಹೇಳಿದಳು: “ನೀವೆಂತ ಅಣ್ಣ, ಬಂದ ಕೂಡಲೆ ಜೋರು ಮಾಡುವುದು? ಅಕ್ಕ ಪಾಪ ಖುಷಿಯಲ್ಲಿದ್ದಾರೆ. ಅವರಷ್ಟಕ್ಕೆ ಇರಲಿ ಬಿಡಿ.”

ಎಂಬತ್ತೊಂಬತ್ತರ ಏಪ್ರಿಲಿನಲ್ಲಿ ಅಲಮೇಲು ಹೊಸದೊಂದು ಸಾಲು ಕೇಳಿದಳು, ‘ಶೀಲಾವತಿ ಬರಲಿ’ ಎಂದು. ಹೆಸರು ಹಿಡಿದು ಕರೆಯುವ ಆಸೆ. ಇಂಗ್ಲಿಷ್ ಅಕ್ಷರದಲ್ಲಿ ಎಣಿಸಿದರೆ, ನಡುವಿನ ಖಾಲಿ ಜಾಗವೂ ಸೇರಿ ಹದಿನೇಳಾಯಿತು. ಗೋಡೆಗೆ ಹಿಡಿಸುವುದು ಹದಿನಾರು. ಕೇಶವಮೂರ್ತಿ ಪ್ರೋಗ್ರಾಮಿನಲ್ಲಿ ಒಂದು ಸಾಲು ಸೇರಿಸಿದ: ಖಾಲಿ ಜಾಗ ಕಂಡರೆ ನುಂಗು. ಹೆಸರು ಸರಿಯಾಗಿ ಕೂತಿತು. ಅವತ್ತು ಹೊರಬಾಗಿಲು ತೆರೆದಿಡಿಸಿ ಅಲಮೇಲು ಹತ್ತು ಸಲ ಒತ್ತಿ ಒತ್ತಿ ಶೀಲಾವತಿಯನ್ನು ಕರೆದಳಂತೆ, ಆಕೆ ಹತ್ತು ಸಲವೂ ನಗುತ್ತ ಬಂದಳಂತೆ. ಆ ಒಂದು ಸಾಲು ಎಲ್ಲ ಮಾತುಗಳ ಖಾಲಿ ಜಾಗವನ್ನೂ ನುಂಗುತ್ತದೆ ಎಂದು ಅವನಿಗೆ ಹೊಳೆಯಲಿಲ್ಲ.

ಅದಾದ ಮೂರನೇ ದಿನ, ಶನಿವಾರ ಮಧ್ಯಾಹ್ನ, ನಾನು ಹೋದೆ. ದಾದರಿನಲ್ಲಿ ಗಾಡಿ ಬದಲಿಸಿ ಬೊರಿವಲಿಗೆ ನಿಂತೇ ಹೋಗಿದ್ದರಿಂದ ತಲೆ ಮೊದಲೇ ಕಾದಿತ್ತು. ಶೀಲಾವತಿ ಊಟ ಮಾಡಿಸಿ ಹೋಗಿದ್ದಳು. ಅಲಮೇಲು ಬೆವರಿನಲ್ಲಿ ತೊಯ್ದಿದ್ದಳು. ಫ್ಯಾನಿನ ರೆಗ್ಯುಲೇಟರ್ ಬೆಳಿಗ್ಗೆ ಕೆಟ್ಟಿತ್ತು, ಸಂಜೆ ಬಂದು ಸರಿಮಾಡುತ್ತೇನೆಂದು ಗಂಡ ಹೇಳಿಹೋಗಿದ್ದ. ಸಾಲದ್ದಕ್ಕೆ ಕರೆಂಟೂ ಹೋಗಿತ್ತು. ಗೋಡೆಯ ಮೇಲೆ ಅಕ್ಷರಗಳು ಒತ್ತೊತ್ತಾಗಿ ನಿಂತಿದ್ದವು, CURRENTBANDIDE: ಕರೆಂಟ್‌ಬಂದ್‌ಇದೆ. ಸರಿ, ಬಂದ್ ಇದೆ ಎಂದು ಓದಿಕೊಂಡೆ.

“ಇದೇನು ಬಾಳು ಅಲಮೇಲು, ಒಂದು ಗಾಳಿಗೆ ಗತಿಯಿಲ್ಲದೆ?” ಎಂದೆ.

“ಸಂಜೆ ಸರಿಹೋಗುತ್ತೆ ಬಿಡು ಅಣ್ಣ. ಕೂತ್ಕೋ.”

ಕೂರಲಿಲ್ಲ. ನನ್ನ ಕೈಯಲ್ಲಾಗದ ಕೆಲಸವೇ ಇದು? ಅಡುಗೆಮನೆಯ ಡಬ್ಬಿಯಿಂದ ಸ್ಕ್ರೂಡ್ರೈವರ್ ಹುಡುಕಿ ತಂದು ಓಣಿಯ ಗೋಡೆಯಲ್ಲಿದ್ದ ರೆಗ್ಯುಲೇಟರ್ ಬಿಚ್ಚತೊಡಗಿದೆ. ಮೇನ್ ಸ್ವಿಚ್ ಇರುವುದು ಕೆಳಗೆ ಮೀಟರುಗಳ ಕೋಣೆಯಲ್ಲಿ. ಮೂರು ಮಹಡಿ ಇಳಿದು ಹತ್ತುವವರು ಯಾರು? ಹೇಗೂ ಕರೆಂಟಿಲ್ಲ. ಮುಚ್ಚಳ ತೆಗೆದೆ, ನಾಲ್ಕು ಸ್ಕ್ರೂ ಬಿಚ್ಚಿದೆ. ತಂತಿಗೆ ಕೈ ಹಾಕುವ ಮೊದಲು ಇನ್ನೊಂದು ಸಲ ಗೋಡೆ ನೋಡಿದೆ. ಅದೇ ಹದಿನಾಲ್ಕು ಅಕ್ಷರ, ಒಂದೂ ಆಚೀಚೆಯಾಗಿರಲಿಲ್ಲ.

ಅಷ್ಟರಲ್ಲಿ ಪಕ್ಕದ ಮನೆಯ ರೇಡಿಯೊ ಶುರುವಾಗಿತ್ತು. ನಾನು ಗಮನಿಸಲಿಲ್ಲ. ದಿನವೆಲ್ಲ ಆ ಬಿಲ್ಡಿಂಗಿನ ಸದ್ದುಗಳನ್ನೇ ಕೇಳುತ್ತ ಮಲಗಿದವಳು ಗಮನಿಸಿದಳು. ಬೆನ್ನ ಹಿಂದಿನಿಂದ ಕೂಗಿದಳು: “ಅಣ್ಣ, ಕರೆಂಟ್ ಬಂತು. ಮುಟ್ಟಬೇಡ.”

ನನಗೆ ಕೇಳಿಸಿತು. ಸಣ್ಣ ದನಿಯೇ, ಆದರೆ ಒಂದೊಂದು ಅಕ್ಷರವೂ ಕೇಳಿಸಿತು. ಮಂಚ ಬಿಟ್ಟೇಳದ ಇವಳಿಗೇನು ಗೊತ್ತು, ಕಣ್ಣೆದುರಿಗೇ ಬರೆದಿದೆಯಲ್ಲ ಎಂದುಕೊಂಡೆ. ತಿರುಗಿ ನೋಡಲೂ ಇಲ್ಲ, ಉತ್ತರ ಕೊಡಲೂ ಇಲ್ಲ. ತಂತಿ ಹಿಡಿದೆ.

ಹಿಡಿದದ್ದು ಬಿಡಲಿಲ್ಲ. ಹಲ್ಲು ಕಚ್ಚಿಕೊಂಡವು, ಕೂಗಲಾಗಲಿಲ್ಲ. ಎಷ್ಟು ಹೊತ್ತೋ ತಿಳಿಯದು. ಆಮೇಲೆ ಎಲ್ಲವೂ ಒಮ್ಮೆಗೇ ನಿಂತು ನಾನು ನೆಲಕ್ಕೆ ಬಿದ್ದೆ. ಅಲಮೇಲು ಗುಂಡಿಯನ್ನು ಮೂರು ಸಲ ಒತ್ತಿ ಮನೆಯ ಕರೆಂಟು ಕಡಿದಿದ್ದಳು. ಆಮೇಲೆ ಶೀಲಾವತಿಯನ್ನು ಕರೆಯುವ ಸಾಲು ಒತ್ತಿದಳಂತೆ, ಆದರೆ ಮುಚ್ಚಿದ ಬಾಗಿಲಾಚೆ ಅದನ್ನು ಓದುವವರು ಯಾರು? ನಾನು ಬಿದ್ದ ಸದ್ದಿಗೆ ಆಕೆ ತನ್ನ ಹತ್ತಿರವಿದ್ದ ಬೀಗದಕೈಯಿಂದ ಬಾಗಿಲು ತೆಗೆದು ಓಡಿಬಂದಳು.

ಬಲಗೈಯ ಎರಡು ಬೆರಳು ಸುಟ್ಟು ಸೆಟೆದುಹೋದವು. ಜೀವ ಉಳಿಯಿತು. ಮರುದಿನ ಕೈಗೆ ಪಟ್ಟಿ ಸುತ್ತಿಕೊಂಡು ಆಸ್ಪತ್ರೆಯಿಂದ ನೇರ ಬೊರಿವಲಿಗೆ ಹೋದೆ. ಅಲಮೇಲು ಮೊದಲು ಕೇಳಿದ್ದು ನೋವು ಹೇಗಿದೆ ಎಂದಲ್ಲ.

“ನಾನು ಕೂಗಿದೆ ಅಣ್ಣ. ಕೇಳಿಸ್ಲಿಲ್ವಾ ನಿಂಗೆ?”

ಕೇಶವಮೂರ್ತಿ ಪಕ್ಕದಲ್ಲೇ ನಿಂತಿದ್ದ. ಹೌದು, ಕೇಳಿಸಿತು, ಲೆಕ್ಕಕ್ಕಿಡಲಿಲ್ಲ ಎಂದು ಅವನ ಮುಂದೆ ಹೇಗೆ ಹೇಳುವುದು? ಎರಡು ವರ್ಷದಿಂದ ಅವನ ತಪ್ಪು ಹುಡುಕುತ್ತಿದ್ದವನು ನಾನು.

“ಇಲ್ಲಮ್ಮ,” ಎಂದೆ. “ಏನೂ ಕೇಳಿಸ್ಲಿಲ್ಲ.”

ಅವಳು ಕಣ್ಣು ಮುಚ್ಚಿಕೊಂಡಳು.

ಕೇಶವಮೂರ್ತಿ ಕೆಂಪು ಅಕ್ಷರಗಳ ಮುಂದೆ ಹೋಗಿ ನಿಂತ. ಖಾಲಿ ಜಾಗ ನುಂಗುವ ಆ ಸಾಲನ್ನು ಹಿಂದಿನ ಸಂಜೆಯೇ ಪತ್ತೆಮಾಡಿದ್ದ; ಅದರಿಂದ ಗೋಡೆಯ ಮೇಲೆ ‘ಬಂದ್ ಇದೆ’, ‘ಬಂದಿದೆ’ ಎರಡೂ ಒಂದೇ ಆಗಿಹೋಗಿದ್ದವು. “ಒಂದು ಜಾಗ ಭಾವ,” ಎಂದ. “ಒಂದು ಜಾಗ ಬಿಟ್ಟಿದ್ರೆ ಸಾಕಿತ್ತು. ಎಲ್ಲ ತುಂಡೂ ಬೇರೆ ಬೇರೆ ಇರಬೇಕು ಅಂತ ಬಾಯಲ್ಲಿ ಹೇಳ್ತಿದ್ದೋನು ನಾನು.” ನಾನು ಸಮಾಧಾನ ಹೇಳಬಹುದಿತ್ತು. “ಅವಳೊಬ್ಬಳೇ ಇದ್ದಾಗ ಹೀಗಾಗಿದ್ರೆ ಏನು ಗತಿ?” ಎಂದೆ. ಅದು ಅರ್ಥವಿಲ್ಲದ ಮಾತು. ಅವಳೊಬ್ಬಳೇ ಇದ್ದಿದ್ದರೆ ತಂತಿಗೆ ಕೈ ಹಾಕುವವರೇ ಇರುತ್ತಿರಲಿಲ್ಲ.

ಆ ಮಾತಿನಿಂದ ಅವನ ಧೈರ್ಯ ಮುರಿದುಹೋಯಿತು. ಮನೆ ಬಿಟ್ಟು ಬರಲು ಅಲಮೇಲುವನ್ನು ಒಪ್ಪಿಸಿದ್ದು ಮಾತ್ರ ನನ್ನ ಸುಳ್ಳು. ಒಂದು ವಾರ ಬಿಟ್ಟು ಅವಳೇ ಹೇಳಿಕಳಿಸಿದಳು, ಬಂದು ಕರೆದುಕೊಂಡು ಹೋಗು ಎಂದು.

ಆಂಟಾಪ್ ಹಿಲ್‌ನಲ್ಲಿ ಅವಳಿಗೆ ಏನೂ ಕಡಿಮೆಯಾಗಲಿಲ್ಲ. ಸರಸ್ವತಿ ಹೊತ್ತುಹೊತ್ತಿಗೆ ನೋಡಿಕೊಂಡಳು, ಒಂದು ದಿನವೂ ಮುಖ ಸಿಂಡರಿಸಲಿಲ್ಲ. ಹೋದವರು ಬಂದವರೆಲ್ಲ ಫ್ಯಾನ್ ಹಾಕಲಾ, ದೀಪ ಹಾಕಲಾ ಎಂದು ಕೇಳುತ್ತಿದ್ದೆವು. ಅಲಮೇಲು ಮಾತ್ರ ಏನನ್ನೂ ಕೇಳುತ್ತಿರಲಿಲ್ಲ. ಜೂನ್ ಕಳೆಯುವುದರೊಳಗೆ ನೀರು ಕುಡಿಯುವುದನ್ನೂ ಕಡಿಮೆ ಮಾಡಿದಳು. ಸರಸ್ವತಿಯೇ ಕಂಡುಹಿಡಿದು ಹೇಳಿದಳು, “ಮೂತ್ರಕ್ಕೆ ಪಾತ್ರೆ ಇಡೋಕೆ ನನ್ನ ಕರೀಬೇಕಲ್ಲ ಅಂತ ಕುಡೀತಿಲ್ಲ ರೀ ಅವಳು.” ಅವತ್ತೇ ನಿಜ ಹೇಳಬಹುದಿತ್ತು.

ಕೇಶವಮೂರ್ತಿ ಪ್ರತಿ ಭಾನುವಾರ ಬರುತ್ತಿದ್ದ. ಹೆಂಡತಿಯ ಮಂಚದ ಪಕ್ಕ ಕುರ್ಚಿಯ ತುದಿಯಲ್ಲಿ ನೆಂಟರಂತೆ ಕೂರುತ್ತಿದ್ದ. ಅಂಗಿಯ ಜೇಬಿನಲ್ಲಿ ಪೆನ್ನು ಮಾತ್ರ ಇರುತ್ತಿತ್ತು. ಒಂದು ಸಲ ನಾನೇ ಕೇಳಿದೆ, ಇಲ್ಲಿಗೇ ತಂದು ಜೋಡಿಸಬಾರದೇ ನಿಮ್ಮ ತುಂಡುಗಳನ್ನ ಎಂದು.

“ನನ್ನ ಕೈಲಾಗಲ್ಲ ಭಾವ,” ಎಂದ. “ಒಂದು ಸಾಲು ಬರೆದ್ರೆ ಅದು ಇನ್ನೆಲ್ಲಿ ಯಾರನ್ನ ಹಿಡಿಯುತ್ತೋ ಅನ್ಸುತ್ತೆ. ಬರೀತೀನಿ, ಅಳಿಸ್ತೀನಿ. ಆಫೀಸಲ್ಲೂ ಹಾಗೇ ಆಗ್ತಿದೆ. ಅವಳ ದನಿ ಯಾರಿಗಾದ್ರೂ ಕೇಳಿಸೋ ಹಾಗಿದ್ದಿದ್ರೆ ಧೈರ್ಯ ಮಾಡ್ತಿದ್ದೆನೋ ಏನೋ. ನಿಮಗೇ ಕೇಳಿಸ್ಲಿಲ್ಲ.”

ಕಾಫಿ ತರುತ್ತೇನೆ ಎಂದು ನಾನು ಎದ್ದುಹೋದೆ.

ಸೆಪ್ಟೆಂಬರಿನ ಒಂದು ಭಾನುವಾರ ಅವನು ಒಂದು ಟ್ರಂಕು ಹಿಡಿದು ಬಂದ. ಬೊರಿವಲಿ ಮನೆಯನ್ನು ಖಾಲಿ ಮಾಡಿದೆ ಎಂದ. ಒಬ್ಬನಿಗೆ ಅಷ್ಟು ದೊಡ್ಡ ಮನೆ ಯಾಕೆ, ಬಾಂದ್ರಾದಲ್ಲಿ ಆಫೀಸಿನವರ ಜೊತೆ ಒಂದು ರೂಮಿನಲ್ಲಿ ಇರುತ್ತೇನೆ ಎಂದ. ಟ್ರಂಕಿನಲ್ಲಿದ್ದದ್ದು ಅಲಮೇಲುವಿನ ಸೀರೆಗಳು. ನನ್ನಿಂದಲೇ ಎಲ್ಲ ಹಾಳಾಯಿತು ಎಂದು ಹೆಂಡತಿಯ ಮುಂದೆ ತಲೆ ತಗ್ಗಿಸಿದ.

“ನಿಮ್ಮಿಂದ ಅಲ್ಲ ರೀ,” ಎಂದಳು ಅಲಮೇಲು. “ಗೋಡೆ ತಪ್ಪು ಹೇಳಿದ್ರೂ ನಾನು ಸರಿಯಾಗೇ ಹೇಳಿದ್ದೆ. ನನ್ನ ದನಿಯೇ ಸತ್ತೋಗಿತ್ತು. ನಾಲ್ಕು ಹೆಜ್ಜೆ ದೂರದಲ್ಲಿದ್ದ ಅಣ್ಣನಿಗೇ ಕೇಳಿಸ್ಲಿಲ್ಲ ಅಂದಮೇಲೆ ಆ ಮನೇಲಿ ನಾನು ಒಬ್ಬಳೇ ಹೇಗಿರ್ಲಿ? ನಾನೇ ತಾನೆ ಬರ್ತೀನಿ ಅಂದಿದ್ದು.”

“ಕೇಳಿಸಿತ್ತು,” ಎಂದೆ.

ಇಬ್ಬರೂ ನನ್ನ ಕಡೆ ನೋಡಿದರು. ಅಡುಗೆಮನೆಯ ಬಾಗಿಲಿಗೆ ಸರಸ್ವತಿ ಬಂದು ನಿಂತಳು.

“ಕೇಳಿಸಿತ್ತು ಅಲಮೇಲು. ಕರೆಂಟ್ ಬಂತು, ಮುಟ್ಟಬೇಡ ಅಂದೆ. ಎಲ್ಲ ಕೇಳಿಸಿತ್ತು. ನಿನಗೇನು ಗೊತ್ತು ಅಂತ ನಾನೇ ಮುಟ್ಟಿದೆ. ಆಮೇಲೆ ಸುಳ್ಳು ಹೇಳಿದೆ.”

ಕೇಶವಮೂರ್ತಿ ಟ್ರಂಕಿನ ಮೇಲೆ ಕುಸಿದು ಕೂತ. ಅವನು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ನಾನು ಹಗುರಾಗುತ್ತಿದ್ದೆ.

ಅಲಮೇಲು ನನ್ನನ್ನೇ ನೋಡುತ್ತಿದ್ದಳು. ಅವಳ ಮುಖದಲ್ಲಿ ಮೊದಲು ಬಂದದ್ದು ಕೋಪವಲ್ಲ, ಸಂತೋಷ. “ಅಷ್ಟು ಸರಿಯಾಗಿ ಕೇಳಿಸಿತ್ತಾ?” ಎಂದಳು. “ಪೂರ್ತಿ?”

“ಪೂರ್ತಿ.”

ಆಮೇಲೆ ಗಂಡನ ಕಡೆ ಕಣ್ಣು ತಿರುಗಿಸಿದಳು.

“ರೀ, ಬೊರಿವಲಿ ಮನೆ ಓನರಿಗೆ ಬೀಗದಕೈ ಕೊಟ್ಟಾಯ್ತಾ?”

“ಬೆಳಿಗ್ಗೆನೇ ಕೊಟ್ಟೆ,” ಎಂದ ಕೇಶವಮೂರ್ತಿ. “ಇವತ್ತೇ ಬೇರೆಯವರು ಬಾಡಿಗೆಗೆ ಬಂದ್ರು.”